ಕಾರಿನ ಎ.ಸಿ.: ಗ್ಯಾಸ್ ಹಾಕಿಸುವ ಮುಂಚೆ ಮಾಡಬೇಕಾದ ಕೆಲಸಗಳು

ಮಾರ್ಚ್ ಮುಗಿಯುವ ಹೊತ್ತಿಗೆ ಕಾರ್ ಎ.ಸಿ. ಅಂಗಡಿಗಳ ಮುಂದೆ ಸಾಲು ಶುರುವಾಗುತ್ತದೆ. ಬಾನೆಟ್ ಎತ್ತುತ್ತಾರೆ, ಎರಡು ಪೈಪ್ ಸಿಕ್ಕಿಸುತ್ತಾರೆ, ಗೇಜ್ ನೋಡುತ್ತಾರೆ. 'ಗ್ಯಾಸ್ ಕಮ್ಮಿ ಆಗಿದೆ ಸಾರ್, ಹಾಕ್ಬಿಡ್ಲಾ?' ಸೆಕೆಗೆ ಬೆಂದು ಬಂದಿರುವ ನಾವು ಹೂಂ ಅಂದುಬಿಡುತ್ತೇವೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಅಂಗಡಿ, ಅದೇ ಮಾತು.

ಎ.ಸಿ. ಗ್ಯಾಸ್ ಉರಿದು ಖಾಲಿಯಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್ ಮತ್ತು ಸೀಲ್‌ಗಳ ಮೂಲಕ ವರ್ಷಕ್ಕೆ ಚೂರುಪಾರು ಜಿನುಗುವುದು ನಿಜ. ಆದರೆ ಪ್ರತಿ ಬೇಸಿಗೆಗೆ ತುಂಬಿಸಬೇಕಾಗಿ ಬಂದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಇನ್ನು ಕೂಲಿಂಗ್ ಕಮ್ಮಿ ಅನ್ನುವ ಎಷ್ಟೋ ಕಾರುಗಳಲ್ಲಿ ಗ್ಯಾಸ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಗಾಳಿಯ ದಾರಿ. ಧೂಳು ಕಟ್ಟಿದ ಫಿಲ್ಟರ್, ಮಣ್ಣು ಮೆತ್ತಿದ ಕಂಡೆನ್ಸರ್, ತಿರುಗದ ಫ್ಯಾನ್. ಇವನ್ನೆಲ್ಲ ಮನೆ ಮುಂದೆಯೇ ನೋಡಬಹುದು. ಅದಕ್ಕೇ ಈ ಬರಹದಲ್ಲಿ ಗ್ಯಾಸ್ ಕೊನೆಗೆ ಬರುತ್ತದೆ.

ಒಳಗೆ ನಡೆಯುವುದೇನು

ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚುತ್ತಾರಲ್ಲ, ಆರುವಾಗ ಆ ಜಾಗ ತಣ್ಣಗಾಗುತ್ತದೆ. ದ್ರವ ಆವಿಯಾಗಲು ಬೇಕಾದ ಬಿಸಿಯನ್ನು ಚರ್ಮದಿಂದ ಎಳೆದುಕೊಳ್ಳುತ್ತದೆ. ಕಾರಿನ ಎ.ಸಿ. ಮಾಡುವುದೂ ಇದನ್ನೇ. ಅಲ್ಲಿ ಆವಿ ಹಾರಿ ಹೋಗುವುದಿಲ್ಲ, ಮತ್ತೆ ದ್ರವವಾಗಿ ವಾಪಸ್ ಬರುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ರಸ್ತೆಗಳಲ್ಲಿರುವ ಹೆಚ್ಚಿನ ಕಾರುಗಳಲ್ಲಿ ಇರುವುದು ಆರ್-134ಎ ಎಂಬ ಗ್ಯಾಸ್. ತೆರೆದ ಗಾಳಿಯಲ್ಲಿ ಇದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಇಂಜಿನ್ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಇದನ್ನು ಒತ್ತಿ ಬಿಸಿ ಮಾಡುತ್ತದೆ. ಬಂಪರ್ ಹಿಂದೆ, ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್‌ನಲ್ಲಿ ಆ ಬಿಸಿ ಹೊರಗಿನ ಗಾಳಿಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ಡ್ರೈಯರ್ ಅದರಲ್ಲಿನ ತೇವ ಹೀರುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ತೂತಿನಿಂದ ದ್ರವ ಚಿಮ್ಮಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗುತ್ತದೆ. ಬ್ಲೋವರ್ ಆ ತಣ್ಣನೆ ಕಾಯಿಲ್ ಮೇಲೆ ಗಾಳಿ ಊದುತ್ತದೆ.

ಅಂದರೆ ಗಾಳಿ ಚೆನ್ನಾಗಿ ಆಡಬೇಕಾದ ಜಾಗಗಳು ಎರಡು. ಮುಂದೆ ಕಂಡೆನ್ಸರ್, ಒಳಗೆ ಕೂಲಿಂಗ್ ಕಾಯಿಲ್. ಎರಡರಲ್ಲಿ ಒಂದು ಕಟ್ಟಿಕೊಂಡರೂ ಗ್ಯಾಸ್ ಎಷ್ಟೇ ಇರಲಿ ಪ್ರಯೋಜನ ಇಲ್ಲ.

ಮೊದಲ ಹೆಜ್ಜೆ: ಅಳೆಯಿರಿ

'ಮೊದಲಿನ ಹಾಗೆ ತಣ್ಣಗಾಗ್ತಿಲ್ಲ' ಅನ್ನುವುದು ಅಳತೆ ಅಲ್ಲ. ಅಡುಗೆಗೆ ಬಳಸುವ, ಉದ್ದ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತಂದುಕೊಳ್ಳಿ. ಕಾರು ನೆರಳಲ್ಲಿರಲಿ. ಇಂಜಿನ್ ಓಡಲಿ, ಎ.ಸಿ. ಫುಲ್ ಕೂಲ್‌ನಲ್ಲಿರಲಿ, ಬ್ಲೋವರ್ ಎರಡು ಅಥವಾ ಮೂರರಲ್ಲಿರಲಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ, ಗಾಜು ಮುಚ್ಚಿ. ಕಡ್ಡಿಯನ್ನು ನಡುವಿನ ವೆಂಟ್‌ಗೆ ತೂರಿಸಿ ಹತ್ತು ನಿಮಿಷ ಬಿಡಿ.

ಹೊರಗೆ 30 ಡಿಗ್ರಿ ಆಸುಪಾಸಿನಲ್ಲಿದ್ದರೆ ವೆಂಟ್‌ನಲ್ಲಿ ಸುಮಾರು 6ರಿಂದ 10 ಡಿಗ್ರಿ ಬರಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ 12–13 ಬಂದರೂ ಗಾಬರಿ ಬೇಡ. ಮಂಗಳೂರು, ಉಡುಪಿ, ಕಾರವಾರದ ಕಡೆ ಬಿಸಿಲು ಅಷ್ಟಿಲ್ಲದಿದ್ದರೂ ಅಂಕಿ ಮೇಲೇರುತ್ತದೆ. ಅಲ್ಲಿನ ಗಾಳಿಯಲ್ಲಿ ತೇವ ಜಾಸ್ತಿ. ಎ.ಸಿ.ಯ ಶಕ್ತಿಯ ಒಂದು ದೊಡ್ಡ ಪಾಲು ಆ ಆವಿಯನ್ನು ನೀರಾಗಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಕರಾವಳಿಯ 33 ಡಿಗ್ರಿ, ಕಲಬುರಗಿಯ 41 ಡಿಗ್ರಿಯಷ್ಟೇ ಎ.ಸಿ.ಯನ್ನು ದುಡಿಸಬಹುದು.

ಬಂದ ಅಂಕಿಯನ್ನು, ಆ ದಿನದ ಹೊರಗಿನ ಉಷ್ಣತೆಯ ಜೊತೆಗೆ, ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಎ.ಸಿ. ಚೆನ್ನಾಗಿರುವಾಗಲೇ ಬರೆದಿಟ್ಟರೆ ಇನ್ನೂ ಒಳ್ಳೆಯದು. ಮುಂದಿನ ವರ್ಷ ಯಾರಾದರೂ ಗ್ಯಾಸ್ ಕಮ್ಮಿ ಅಂದರೆ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ.

ಎರಡನೇ ಹೆಜ್ಜೆ: ಕ್ಯಾಬಿನ್ ಫಿಲ್ಟರ್

ಖರ್ಚು ಕಮ್ಮಿ, ಫಲ ಜಾಸ್ತಿ ಇರುವ ಕೆಲಸ ಇದು. ಇಂಜಿನ್‌ಗೆ ಹೋಗುವ ಏರ್ ಫಿಲ್ಟರ್ ಬೇರೆ, ಇದು ಬೇರೆ. ಒಳಗೆ ಕೂತವರು ಉಸಿರಾಡುವ ಗಾಳಿಯನ್ನು ಸೋಸುವ ಫಿಲ್ಟರ್ ಇದು.

ಹೆಚ್ಚಿನ ಕಾರುಗಳಲ್ಲಿ ಇದು ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ. ಗ್ಲವ್ ಬಾಕ್ಸ್ ಖಾಲಿ ಮಾಡಿ ತೆರೆಯಿರಿ. ಎರಡೂ ಪಕ್ಕಗಳನ್ನು ಒಳಮುಖವಾಗಿ ಒತ್ತಿದರೆ ಅದು ಕೆಳಗೆ ಜೋತುಬೀಳುತ್ತದೆ. ಕೆಲವದರಲ್ಲಿ ಪಕ್ಕದಲ್ಲೊಂದು ದಾರದಂಥ ಕೊಂಡಿ ಇರುತ್ತದೆ, ಮೊದಲು ಅದನ್ನು ಬಿಚ್ಚಬೇಕು. ಹಿಂದೆ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದರ ಕ್ಲಿಪ್ ಒತ್ತಿ ತೆಗೆದರೆ ಫಿಲ್ಟರ್ ಅಂಚು ಕೈಗೆ ಸಿಗುತ್ತದೆ. ನಿಧಾನವಾಗಿ ನೇರಕ್ಕೆ ಎಳೆಯಿರಿ. ಅಲುಗಾಡಿಸಿ ಎಳೆದರೆ ಮೇಲೆ ಕೂತ ಎಲೆ, ಧೂಳು ಎಲ್ಲ ಬ್ಲೋವರ್ ಒಳಗೆ ಬೀಳುತ್ತದೆ.

ಹೊರಗೆ ತೆಗೆದ ಮೇಲೆ ಬೆಳಕಿಗೆ ಹಿಡಿದು ನೋಡಿ. ಮಡಿಕೆಗಳ ನಡುವೆ ಬೆಳಕೇ ಕಾಣದಿದ್ದರೆ ಬದಲಾಯಿಸಿ. ಮೇಲಿನ ಧೂಳನ್ನು ಮೆಲ್ಲಗೆ ತಟ್ಟಿ ಒಂದೆರಡು ಸಲ ಮತ್ತೆ ಹಾಕಬಹುದು. ಆದರೆ ಕಾಗದ ಅಥವಾ ಬಟ್ಟೆಯ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ, ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಹಿಡಿದು ಊದಬೇಡಿ. ಎಳೆಗಳು ಬಿಟ್ಟುಕೊಂಡು ಧೂಳು ನೇರ ಒಳಗೆ ಹೋಗುತ್ತದೆ. ಆ ಧೂಳು ಒದ್ದೆಯಾದ ಕಾಯಿಲ್ ಮೇಲೆ ಕೆಸರಾಗಿ ಕೂರುತ್ತದೆ, ಆಮೇಲೆ ತೆಗೆಯುವುದು ಕಷ್ಟ.

ಹೊಸದನ್ನು ಹಾಕುವಾಗ ಅಂಚಿನಲ್ಲಿರುವ ಬಾಣದ ಗುರುತು ನೋಡಿ. ಅದು ಗಾಳಿ ಹರಿಯುವ ದಿಕ್ಕು. ಹಳೆಯದನ್ನು ತೆಗೆಯುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಂಡರೆ ತಲೆನೋವೇ ಇಲ್ಲ.

ಎಷ್ಟು ದಿನಕ್ಕೊಮ್ಮೆ? ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರಿಗೊಮ್ಮೆ ಅನ್ನುವುದು ಸಾಧಾರಣ ಲೆಕ್ಕ. ಸಂಡೂರು, ಹೊಸಪೇಟೆ ಕಡೆಯ ಕೆಂಪು ಧೂಳಿನಲ್ಲಿ ಓಡುವ ಕಾರಿಗೆ ಈ ಲೆಕ್ಕ ಸಾಲದು. ಬೆಂಗಳೂರಿನಲ್ಲಿ ಮೆಟ್ರೋ ಕೆಲಸ ನಡೆಯುವ ರಸ್ತೆಯಲ್ಲೇ ದಿನವೂ ಓಡಾಡುವವರಿಗೂ ಸಾಲದು. ಆರು ತಿಂಗಳಿಗೊಮ್ಮೆ ತೆಗೆದು ನೋಡಿ. ಇನ್ನೊಂದು ವಿಷಯ. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಜಾಗ ಮಾತ್ರ ಇರುತ್ತದೆ, ಕಂಪನಿ ಫಿಲ್ಟರ್ ಹಾಕಿ ಕೊಟ್ಟಿರುವುದಿಲ್ಲ. ಮುಚ್ಚಳ ತೆಗೆದು ಖಾಲಿ ಕಂಡರೆ, ಅದೇ ಅಳತೆಯ ಫಿಲ್ಟರ್ ತಂದು ಹಾಕಿ.

ಮೂರನೇ ಹೆಜ್ಜೆ: ಕಂಡೆನ್ಸರ್ ಮತ್ತು ಫ್ಯಾನ್

ಮುಂದಿನ ಗ್ರಿಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳ ಜಾಲರಿ ಕಾಣುತ್ತದೆ. ಅದೇ ಕಂಡೆನ್ಸರ್. ಶಿರಾಡಿ, ಚಾರ್ಮಾಡಿಯಲ್ಲಿ ಮಳೆಗಾಲದಲ್ಲಿ ಲಾರಿಗಳ ಹಿಂದೆ ಓಡಿದ ಕಾರಿನದ್ದಾದರೆ ಮಣ್ಣಿನ ಪದರ ಇರುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಓಡಿದ್ದಾದರೆ ಹುಳುಗಳು. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿ ಒಕ್ಕುತ್ತಾರಲ್ಲ, ಅದರ ಮೇಲೆ ಹೋದ ಕಾರಿನ ಕಂಡೆನ್ಸರ್‌ನಲ್ಲಿ ಹೊಟ್ಟು ಸಿಕ್ಕಿಕೊಂಡಿರುತ್ತದೆ. ಅಂಥ ದಾರಿಯಲ್ಲಿ ಹೋದ ಮೇಲೆ ಕಾರಿನ ಅಡಿಭಾಗವನ್ನೂ ಬಗ್ಗಿ ನೋಡಿ. ಒಣಗಿದ ಹುಲ್ಲು ಸೈಲೆನ್ಸರ್ ಪೈಪ್‌ಗೆ ಸುತ್ತಿಕೊಂಡರೆ ಬೆಂಕಿ ಹತ್ತುವ ಅಪಾಯ ಇದೆ, ಎ.ಸಿ.ಗಿಂತ ದೊಡ್ಡ ಸಮಸ್ಯೆ ಅದು.

ತೊಳೆಯುವ ಕ್ರಮ ಹೀಗೆ. ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಕೀ ಹೊರಗೆ ತೆಗೆದಿರಲಿ. ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತಟ್ಟನೆ ತಿರುಗಬಹುದು, ಹಾಗಾಗಿ ಫ್ಯಾನ್ ಹತ್ತಿರ ಬೆರಳು ಇಡಬೇಡಿ. ಗಿಡಕ್ಕೆ ನೀರು ಬಿಡುವ ಪೈಪ್ ಸಾಕು. ಮೊದಲು ನೀರು ಬಿಟ್ಟು ಮಣ್ಣನ್ನು ನೆನೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಬಿಡಿ. ನೀರು ನೇರವಾಗಿ ಬೀಳಬೇಕು, ಓರೆಯಾಗಿ ಅಲ್ಲ. ಸಿಕ್ಕಿಕೊಂಡಿದ್ದನ್ನು ಮೆತ್ತನೆ ಬ್ರಷ್‌ನಿಂದ, ಪಟ್ಟಿಗಳು ಯಾವ ಕಡೆ ಇವೆಯೋ ಅದೇ ದಿಕ್ಕಿನಲ್ಲಿ ಉಜ್ಜಿ. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ಗನ್ ಹತ್ತಿರದಿಂದ ಹೊಡೆದರೆ ಪಟ್ಟಿಗಳು ಮಲಗಿಬಿಡುತ್ತವೆ, ಆಮೇಲೆ ಅಲ್ಲಿ ಗಾಳಿಯೇ ಹೋಗುವುದಿಲ್ಲ. ಕಾರು ತೊಳೆಯಲು ಕೊಟ್ಟಾಗ ಇದನ್ನು ಬಾಯಿಬಿಟ್ಟು ಹೇಳಬೇಕು. ಅವರ ಲೆಕ್ಕದಲ್ಲಿ ಜಾಸ್ತಿ ಪ್ರೆಷರ್ ಅಂದರೆ ಒಳ್ಳೆ ಸರ್ವಿಸ್.

ಆಮೇಲೆ ಫ್ಯಾನ್. ಇಂಜಿನ್ ಸ್ಟಾರ್ಟ್ ಮಾಡಿ, ಎ.ಸಿ. ಹಾಕಿ, ದೂರ ನಿಂತು ನೋಡಿ. ಹೆಚ್ಚಿನ ಕಾರುಗಳಲ್ಲಿ ಒಂದೆರಡು ನಿಮಿಷದೊಳಗೆ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಫ್ಯಾನ್ ಮೋಟಾರ್, ಈ ಕ್ರಮದಲ್ಲಿ ನೋಡಿಸಿ. ಈ ತೊಂದರೆಯ ಗುರುತು ಬಹಳ ಸ್ಪಷ್ಟ. ಹೆದ್ದಾರಿಯಲ್ಲಿ ಚೆನ್ನಾಗಿ ತಣ್ಣಗಿರುತ್ತದೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ತಕ್ಷಣ ಬೆಚ್ಚಗಾಗುತ್ತದೆ. ಓಡುವಾಗ ಎದುರುಗಾಳಿಯೇ ಫ್ಯಾನ್ ಕೆಲಸ ಮಾಡುತ್ತಿತ್ತು, ನಿಂತಾಗ ಯಾರೂ ಇಲ್ಲ. ಇಂಥ ಕಾರಿಗೆ ಗ್ಯಾಸ್ ತುಂಬಿದರೆ ಪೈಪಿನ ಒತ್ತಡ ಇನ್ನೂ ಏರಿ ಕಂಪ್ರೆಸರ್‌ಗೆ ಏಟು ಬೀಳುತ್ತದೆ.

ನಾಲ್ಕನೇ ಹೆಜ್ಜೆ: ನೀರು ಮತ್ತು ವಾಸನೆ

ಎ.ಸಿ. ಓಡುವಾಗ ಕಾರಿನ ಕೆಳಗೆ, ಸಾಮಾನ್ಯವಾಗಿ ಎಡಗಡೆ ಮುಂಭಾಗದಲ್ಲಿ, ನೀರು ತೊಟ್ಟಿಕ್ಕುತ್ತದೆ. ಅದು ಕೂಲಿಂಗ್ ಕಾಯಿಲ್ ಮೇಲೆ ಇಳಿದ ಗಾಳಿಯ ತೇವ. ಬರಲೇಬೇಕಾದ ನೀರು. ಕರಾವಳಿಯಲ್ಲಿ ಧಾರಾಳವಾಗಿ ಬರುತ್ತದೆ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಹನಿಯೂ ಕಾಣದಿದ್ದರೆ ಅದು ದೋಷ ಅಲ್ಲ.

ಹೊರಗೆ ಬೀಳಬೇಕಾದ ನೀರು ಒಳಗೆ ಬಂದರೆ, ಅಂದರೆ ಎಡಗಡೆ ಸೀಟಿನ ಮುಂದಿನ ಮ್ಯಾಟ್ ಒದ್ದೆಯಾದರೆ, ಡ್ರೈನ್ ಪೈಪ್ ಕಟ್ಟಿಕೊಂಡಿದೆ. ತಿರುವಿನಲ್ಲಿ ಡ್ಯಾಶ್‌ಬೋರ್ಡ್ ಒಳಗೆ ನೀರು ಕುಲುಕಿದ ಸದ್ದು ಬಂದರೂ ಇದೇ. ಕಾರಿನ ಅಡಿಯಲ್ಲಿ ಸಣ್ಣ ರಬ್ಬರ್ ಪೈಪ್ ತುದಿ ಇರುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಟ್ಯೂಬ್ ತೂರಿಸಿ ಕೆಸರು ಬಿಡಿಸಬಹುದು. ತಂತಿ ಹಾಕಿ ಚುಚ್ಚಬೇಡಿ, ಒಳಗೆ ಕಾಯಿಲ್ ತೂತಾದರೆ ಕೆಲಸ ಕೆಟ್ಟಿತು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನುಗ್ಗುವುದೂ ಬೇಡ. ಗ್ಯಾರೇಜಿನಲ್ಲಿ ಕಾರು ಎತ್ತಿದಾಗ ಹೇಳಿದರೆ ಎರಡು ನಿಮಿಷದ ಕೆಲಸ.

ಇನ್ನು ವಾಸನೆ. ಎ.ಸಿ. ಹಾಕಿದ ಮೊದಲ ನಿಮಿಷದಲ್ಲಿ ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಬಂದರೆ ಕಾಯಿಲ್ ಮೇಲೆ ಬೂಷ್ಟು ಬೆಳೆದಿದೆ. ಪರ್ಫ್ಯೂಮ್ ಇಟ್ಟರೆ ಎರಡು ವಾಸನೆ ಆಗುತ್ತದೆ, ಅಷ್ಟೇ. ಬೂಷ್ಟು ಬೆಳೆಯಲು ಬೇಕಾದದ್ದು ಕತ್ತಲು, ತೇವ ಮತ್ತು ಧೂಳು. ಧೂಳನ್ನು ಫಿಲ್ಟರ್ ತಡೆಯುತ್ತದೆ. ತೇವ ತಡೆಯುವುದು ನಿಮ್ಮ ಕೈಯಲ್ಲಿದೆ. ಮನೆ ತಲುಪುವ ಮೂರರಿಂದ ಐದು ನಿಮಿಷ ಮುಂಚೆ ಎ.ಸಿ. ಬಟನ್ ಮಾತ್ರ ಆಫ್ ಮಾಡಿ, ಬ್ಲೋವರ್ ಓಡುತ್ತಿರಲಿ, ಹೊರಗಿನ ಗಾಳಿ ಒಳಗೆ ಬರಲಿ. ಕಾಯಿಲ್ ಒಣಗುತ್ತದೆ. ಇದೊಂದು ಅಭ್ಯಾಸ ಇದ್ದರೆ ವಾಸನೆಯ ತೊಂದರೆ ಬಹುಪಾಲು ಬರುವುದೇ ಇಲ್ಲ.

ಈಗಾಗಲೇ ವಾಸನೆ ಇದ್ದರೆ ಎ.ಸಿ. ಕಾಯಿಲ್‌ಗೆಂದೇ ಸಿಗುವ ಫೋಮ್ ಕ್ಲೀನರ್ ಬಳಸಬಹುದು. ಇಂಜಿನ್ ಆಫ್ ಇರಬೇಕು. ಡಬ್ಬಿಯ ಉದ್ದ ನಳಿಕೆಯನ್ನು ಡ್ರೈನ್ ಪೈಪಿನಿಂದ ಮೆಲ್ಲಗೆ ತೂರಿಸಿ ಫೋಮ್ ಬಿಡಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟರೆ ಅದು ಕರಗಿ ಕೊಳೆಯ ಜೊತೆ ಕೆಳಗೆ ಇಳಿಯುತ್ತದೆ. ಆಮೇಲೆ ಗಾಜು ತೆರೆದು ಬ್ಲೋವರ್ ಮಾತ್ರ ಹತ್ತು ನಿಮಿಷ ಓಡಿಸಿ. ಬ್ಲೋವರ್ ಮೋಟಾರ್ ಮೇಲೆ, ವೈರ್ ಜೋಡಣೆಗಳ ಮೇಲೆ ಫೋಮ್ ಬೀಳಬಾರದು.

ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿ ಕಾಯಿಲ್ ಕ್ಲೀನ್ ಮಾಡಿಕೊಡುತ್ತೇವೆ ಎಂದು ಕೆಲವರು ಹೇಳುತ್ತಾರೆ. ಕಾಯಿಲ್ ಲೀಕ್ ಆಗಿದ್ದರೆ ಬೇರೆ ದಾರಿ ಇಲ್ಲ. ಬರೀ ಸ್ವಚ್ಛ ಮಾಡಲು ಅಂದರೆ ನಾನು ಒಪ್ಪುವುದಿಲ್ಲ. ಕಂಪನಿ ಜೋಡಿಸಿದ ಕ್ಲಿಪ್‌ಗಳು ಒಮ್ಮೆ ಬಿಚ್ಚಿದ ಮೇಲೆ ಮೊದಲಿನ ಹಾಗೆ ಕೂರುವುದು ಅಪರೂಪ. ಆಮೇಲೆ ಪ್ರತಿ ಹಂಪ್‌ನಲ್ಲೂ ಕಟಕಟ ಸದ್ದು.

ಬೇರೆ ವಾಸನೆಗಳೂ ಇವೆ. ಸಿಹಿ ವಾಸನೆ ಬಂದು ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜು ಕಟ್ಟಿದರೆ ಹೀಟರ್ ಕಾಯಿಲ್‌ನಿಂದ ಕೂಲೆಂಟ್ ಸೋರುತ್ತಿದೆ. ಅದು ವಿಷ, ತಡ ಮಾಡಬೇಡಿ. ಸುಟ್ಟ ವಾಸನೆ ಬಂದರೆ ಎಲ್ಲವನ್ನೂ ಆಫ್ ಮಾಡಿ ವೈರಿಂಗ್ ನೋಡಿಸಿ.

ಐದನೇ ಹೆಜ್ಜೆ: ಕಂಪ್ರೆಸರ್ ಓಡುತ್ತಿದೆಯಾ?

ಎ.ಸಿ. ಬಟನ್ ಒತ್ತಿದಾಗ ಬಾನೆಟ್ ಕಡೆಯಿಂದ 'ಟಕ್' ಅನ್ನುವ ಸದ್ದು ಬರುತ್ತದೆ, ಇಂಜಿನ್ ಸದ್ದು ಸ್ವಲ್ಪ ಬದಲಾಗುತ್ತದೆ. ಅದು ಕಂಪ್ರೆಸರನ್ನು ಬೆಲ್ಟ್‌ಗೆ ಜೋಡಿಸುವ ಕ್ಲಚ್ ಹಿಡಿದ ಗುರುತು. ಕೆಲವು ಹೊಸ ಕಾರುಗಳ ಕಂಪ್ರೆಸರ್‌ನಲ್ಲಿ ಕ್ಲಚ್ಚೇ ಇರುವುದಿಲ್ಲ, ಅಲ್ಲಿ ಸದ್ದು ಕಾಯಬೇಡಿ.

ಕ್ಲಚ್ ಇದ್ದೂ ಹಿಡಿಯುತ್ತಿಲ್ಲ ಅಂದರೆ ಫ್ಯೂಸ್ ಬಾಕ್ಸ್ ನೋಡಿ, ಮುಚ್ಚಳದ ಒಳಗೇ ಚಿತ್ರ ಇರುತ್ತದೆ. ಅದು ಸರಿ ಇದ್ದರೆ ರಿಲೇ. ಅದೂ ಸರಿ ಇದ್ದರೆ ಗ್ಯಾಸ್ ತೀರಾ ಇಳಿದಿರಬಹುದು. ಒತ್ತಡ ಕಮ್ಮಿಯಾದಾಗ ಕಂಪ್ರೆಸರ್ ಓಡದಂತೆ ತಡೆಯುವ ಸ್ವಿಚ್ ಒಂದಿದೆ. ಗ್ಯಾಸ್ ಜೊತೆಗೇ ಎಣ್ಣೆಯೂ ಸುತ್ತುವುದರಿಂದ, ಗ್ಯಾಸ್ ಇಲ್ಲದೆ ಓಡಿದರೆ ಕಂಪ್ರೆಸರ್ ಒಣಗಿ ಸವೆದುಹೋಗುತ್ತದೆ. ಯಾರಾದರೂ ಆ ಸ್ವಿಚ್‌ಗೆ ವೈರ್ ಹಾಕಿ ನೇರ ಓಡಿಸಿ ನೋಡೋಣ ಅಂದರೆ ಬೇಡ ಅನ್ನಿ.

ಇದೇ ಕಾರಣಕ್ಕೆ ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಹಾಕಿ. ಎಣ್ಣೆ ಸುತ್ತಿ ಸೀಲ್‌ಗಳು ಒಣಗದೆ ಉಳಿಯುತ್ತವೆ. ತಿಂಗಳುಗಟ್ಟಲೆ ಆಫ್ ಇದ್ದ ಎ.ಸಿ. ಬೇಸಿಗೆಯ ಮೊದಲ ದಿನ ಕೈಕೊಡುವುದಕ್ಕೆ ಒಣಗಿದ ಸೀಲ್ ಒಂದು ದೊಡ್ಡ ಕಾರಣ.

ಕೆಲವು ಗುರುತುಗಳು

ಶುರುವಿನಲ್ಲಿ ಒಳ್ಳೆ ತಂಪು, ಒಂದು ಗಂಟೆ ಆದ ಮೇಲೆ ಗಾಳಿಯೇ ಬರುವುದಿಲ್ಲ, ಹತ್ತು ನಿಮಿಷ ಆಫ್ ಮಾಡಿದರೆ ಮತ್ತೆ ಸರಿ. ಹೀಗಾದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಕಾಯಿಲ್ ಸೊನ್ನೆ ಡಿಗ್ರಿ ಮುಟ್ಟುವ ಮುಂಚೆ ಕಂಪ್ರೆಸರ್ ನಿಲ್ಲಿಸಲು ಒಂದು ಸೆನ್ಸರ್ ಇರುತ್ತದೆ, ಅದು ಕೆಟ್ಟಿರಬಹುದು. ಫಿಲ್ಟರ್ ಕಟ್ಟಿದ್ದರೂ ಹೀಗೇ ಆಗುತ್ತದೆ.

ಗಾಳಿ ಜೋರಾಗಿದೆ, ತಂಪಿಲ್ಲ, ಆದರೆ ಕಂಪ್ರೆಸರ್ ಓಡುತ್ತಿದೆ. ಬಾನೆಟ್ ಒಳಗೆ ಎ.ಸಿ.ಯ ದಪ್ಪ ಪೈಪ್ ಮುಟ್ಟಿ ನೋಡಿ, ಬೆಲ್ಟ್ ಮತ್ತು ಫ್ಯಾನ್‌ನಿಂದ ಕೈ ದೂರ ಇರಲಿ. ಅದು ತಣ್ಣಗಿದ್ದೂ ಒಳಗೆ ಬೆಚ್ಚಗೆ ಬಂದರೆ ಬಿಸಿಗಾಳಿ, ತಣ್ಣಗಾಳಿ ಬೆರೆಸುವ ಫ್ಲಾಪ್ (ಒಳಗಿನ ಸಣ್ಣ ಬಾಗಿಲು) ಸಿಕ್ಕಿಕೊಂಡಿದೆ. ತೆಳು ಪೈಪ್ ಮುಟ್ಟಬೇಡಿ, ಕೈ ಸುಡುತ್ತದೆ.

ಬ್ಲೋವರ್ ನಾಲ್ಕರಲ್ಲಿ ಮಾತ್ರ ಓಡುತ್ತದೆ, ಒಂದು–ಎರಡು–ಮೂರರಲ್ಲಿ ಇಲ್ಲ? ಬ್ಲೋವರ್ ವೇಗ ಇಳಿಸುವ ರೆಸಿಸ್ಟರ್ ಹೋಗಿದೆ. ಸಣ್ಣ ಭಾಗ, ಸಣ್ಣ ಖರ್ಚು. ಇದಕ್ಕೆ ಬ್ಲೋವರ್ ಮೋಟಾರ್ ಬದಲಾಯಿಸಬೇಕು ಅಂದರೆ ಅಂಗಡಿ ಬದಲಾಯಿಸಿ.

ಈಗ ಗ್ಯಾಸ್

ಮೇಲಿನ ಎಲ್ಲ ಮುಗಿದ ಮೇಲೂ ವೆಂಟ್ ಅಂಕಿ ಇಳಿಯದಿದ್ದರೆ ಗ್ಯಾಸ್ ಕಡೆ ನೋಡಬೇಕು. ಈ ಭಾಗವನ್ನು ಮನೆಯಲ್ಲಿ ಮಾಡಬೇಡಿ. ದ್ರವ ರೂಪದ ಗ್ಯಾಸ್ ಕಣ್ಣಿಗೆ, ಚರ್ಮಕ್ಕೆ ತಗುಲಿದರೆ ಆ ಜಾಗ ಹೆಪ್ಪುಗಟ್ಟುತ್ತದೆ. ಆದರೆ ಅಂಗಡಿಯಲ್ಲಿ ಏನು ನಡೆಯಬೇಕು ಎಂಬುದು ನಿಮಗೆ ಗೊತ್ತಿರಲೇಬೇಕು.

ಬಾನೆಟ್ ಒಳಗೆ ಒಂದು ಸ್ಟಿಕ್ಕರ್ ಇರುತ್ತದೆ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅದರಲ್ಲಿ ಬರೆದಿರುತ್ತದೆ. ಸಣ್ಣ ಕಾರುಗಳಲ್ಲಿ ಸುಮಾರು 300ರಿಂದ 500 ಗ್ರಾಂ. ಹಿಂದಿನ ಸೀಟಿಗೂ ಬೇರೆ ಕಾಯಿಲ್ ಇರುವ ದೊಡ್ಡ ಗಾಡಿಗಳಲ್ಲಿ ಇದಕ್ಕಿಂತ ಸಾಕಷ್ಟು ಜಾಸ್ತಿ. ಗಮನಿಸಿ, ಅಲ್ಲಿರುವುದು ತೂಕ, ಒತ್ತಡ ಅಲ್ಲ.

ಬಹಳ ಜನ ಎಡವುವುದು ಇಲ್ಲೇ. ಎ.ಸಿ. ಆಫ್ ಇರುವಾಗ ಗೇಜ್ ಹಚ್ಚಿದರೆ ಕಾಣುವ ಒತ್ತಡ, ಎಷ್ಟು ಗ್ಯಾಸ್ ಇದೆ ಎಂದು ಹೇಳುವುದಿಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, 30 ಡಿಗ್ರಿ ಬಿಸಿಯಲ್ಲಿ ಆರ್-134ಎ ಸುಮಾರು 97 ಪಿಎಸ್‌ಐ ತೋರಿಸುತ್ತದೆ. 200 ಗ್ರಾಂ ಇದ್ದರೂ ಅಷ್ಟೇ, 400 ಗ್ರಾಂ ಇದ್ದರೂ ಅಷ್ಟೇ. ಎ.ಸಿ. ಓಡುವಾಗಿನ ಎರಡು ಒತ್ತಡಗಳು ಸ್ವಲ್ಪ ಹೆಚ್ಚು ಹೇಳುತ್ತವೆ. ಹೊರಗೆ 30–35 ಡಿಗ್ರಿ ಇದ್ದಾಗ ಲೋ ಕಡೆ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) 30–45, ಹೈ ಕಡೆ (ಒತ್ತಿ ಹೊರಗೆ ಕಳಿಸುವ ಕಡೆ) 170–250 ಪಿಎಸ್‌ಐ ಸಾಮಾನ್ಯ. ಎರಡೂ ಕೆಳಗಿದ್ದರೆ ಗ್ಯಾಸ್ ಕಮ್ಮಿ ಇರಬಹುದು. ಎರಡೂ ಮೇಲಿದ್ದರೆ ಗ್ಯಾಸ್ ಜಾಸ್ತಿ ಆಗಿದೆ, ಇಲ್ಲವೇ ಕಂಡೆನ್ಸರ್ ಕೊಳೆಯಾಗಿದೆ. ಲೋ ಮೇಲೆ, ಹೈ ಕೆಳಗೆ ಇದ್ದರೆ ಕಂಪ್ರೆಸರ್ ಸೋತಿರಬಹುದು.

ಸರಿಯಾದ ಕೆಲಸದ ಕ್ರಮ ಹೀಗಿರುತ್ತದೆ:

1. ಇರುವ ಗ್ಯಾಸನ್ನು ಮೆಷಿನ್‌ಗೆ ಎಳೆದುಕೊಂಡು ತೂಕ ನೋಡುತ್ತಾರೆ. ಸ್ಟಿಕ್ಕರ್ ಅಂಕಿಗೆ ಹೋಲಿಸಿದರೆ ಎಷ್ಟು ಕಮ್ಮಿ ಇತ್ತು ಎಂದು ಗೊತ್ತಾಗುತ್ತದೆ. ಗಾಳಿಗೆ 'ಸುಯ್' ಎಂದು ಬಿಡುವುದು ತಪ್ಪು. ಆರ್-134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೀರಿ ಪ್ರಬಲ. 2016ರ ಕಿಗಾಲಿ ಒಪ್ಪಂದ ಇಂಥ ಗ್ಯಾಸ್‌ಗಳನ್ನು ಇಳಿಸಲೆಂದೇ ಆಗಿದ್ದು, ಭಾರತ 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

2. ಲೀಕ್ ಹುಡುಕುತ್ತಾರೆ. ಜೋಡಣೆಗಳ ಹತ್ತಿರ ಎಣ್ಣೆ ಜಿಡ್ಡಿಗೆ ಧೂಳು ಅಂಟಿರುವ ಜಾಗ ಮೊದಲ ಸುಳಿವು. ನೈಟ್ರೋಜನ್ ತುಂಬಿ ಸೋಪ್ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಬಣ್ಣ ಹಾಕಿ ಯು.ವಿ. ಲೈಟ್‌ನಲ್ಲಿ ನೋಡುವ ವಿಧಾನವೂ ಇದೆ. ಆಕ್ಸಿಜನ್ ಸಿಲಿಂಡರ್ ತಂದರೆ ಅಲ್ಲಿಂದ ಹೊರಡಿ. ಎಣ್ಣೆಯ ಜೊತೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟ ಆಗಬಹುದು.

3. ಲೀಕ್ ಸರಿಮಾಡಿ, ಬಿಚ್ಚಿದ ಜೋಡಣೆಯ ಓ-ರಿಂಗ್ ಹೊಸದು ಹಾಕುತ್ತಾರೆ. ಪೈಪ್ ತುಂಬ ಹೊತ್ತು ತೆರೆದಿದ್ದರೆ ಡ್ರೈಯರ್ ಕೂಡ ಬದಲಾಗಬೇಕು.

4. ವ್ಯಾಕ್ಯೂಮ್, ಅಂದರೆ ಪಂಪ್ ಹಚ್ಚಿ ಪೈಪಿನೊಳಗೆ ಏನೂ ಉಳಿಯದಂತೆ ಎಳೆಯುವುದು. ಕಮ್ಮಿ ಅಂದರೂ ಅರ್ಧ ಗಂಟೆ. ಒಳಗೆ ಸೇರಿದ ಗಾಳಿ, ತೇವ ಹೊರಗೆ ಹೋಗುವುದು ಇಲ್ಲೇ. ಆಮೇಲೆ ಪಂಪ್ ನಿಲ್ಲಿಸಿ ಹತ್ತು–ಹದಿನೈದು ನಿಮಿಷ ಮುಳ್ಳು ನೋಡುತ್ತಾರೆ. ಅಲುಗಾಡಬಾರದು.

5. ಸ್ಟಿಕ್ಕರ್ ಹೇಳಿದ ತೂಕದಷ್ಟೇ ಗ್ಯಾಸ್, ಹೊರಗೆ ಹೋದಷ್ಟೇ ಎಣ್ಣೆ ಹಾಕುತ್ತಾರೆ.

ವ್ಯಾಕ್ಯೂಮ್ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಕಿವಿಮಾತು. ವಿಡಿಯೋಗಳಲ್ಲಿ ಗೇಜ್ ಮುಳ್ಳು 29–30 ಇಂಚಿಗೆ (ಪಾದರಸದ ಇಂಚು, ವ್ಯಾಕ್ಯೂಮ್‌ನ ಅಳತೆ) ಇಳಿಯಬೇಕು ಅನ್ನುತ್ತಾರೆ. ಮಂಗಳೂರಿನಲ್ಲಿ ಅದು ಸರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಮ್ಮಿ. ಪಂಪ್ ಎಷ್ಟೇ ಚೆನ್ನಾಗಿದ್ದರೂ ಸಾಧಾರಣ ಗೇಜ್ 27 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದನ್ನು ನೋಡಿ ಮೆಕ್ಯಾನಿಕ್ ಜೊತೆ ಜಗಳ ಬೇಡ.

ಅಂಗಡಿ ಆರಿಸುವಾಗ ಕೇಳಬೇಕಾದ್ದು ಎರಡೇ ಪ್ರಶ್ನೆ. 'ತೂಕ ನೋಡಿ ಹಾಕ್ತೀರಾ? ಲೀಕ್ ಚೆಕ್ ಮಾಡ್ತೀರಾ?' 'ಅಂದಾಜಿಗೆ ಅರ್ಧ ಕ್ಯಾನ್ ಸಾಕು' ಅಂದರೆ ಮುಂದಿನ ಅಂಗಡಿಗೆ ಹೋಗಿ. ಗ್ಯಾಸ್ ಜಾಸ್ತಿಯಾದರೂ ಕೂಲಿಂಗ್ ಕೆಡುತ್ತದೆ. ತೀರಾ ಅಗ್ಗಕ್ಕೆ ಸಿಗುವ, ಹೆಸರಿಲ್ಲದ ಕ್ಯಾನ್‌ಗಳಲ್ಲಿ ಹೊತ್ತಿ ಉರಿಯುವ ಗ್ಯಾಸ್ ಬೆರೆತಿರಬಹುದು. ಕ್ಯಾನ್ ನಿಮ್ಮೆದುರೇ ತೆರೆಯಲಿ.

ಕಂಪ್ರೆಸರ್ ಒಳಗೇ ಸವೆದು ಹೋಗಿದ್ದರೆ ಹೊಸ ಕಂಪ್ರೆಸರ್ ಒಂದನ್ನೇ ಹಾಕಿಸಿ ಕೈತೊಳೆದುಕೊಳ್ಳಬೇಡಿ. ಲೋಹದ ಪುಡಿ ಕಂಡೆನ್ಸರ್‌ವರೆಗೂ ಹೋಗಿರುತ್ತದೆ. ಪೈಪ್ ಫ್ಲಶ್ ಆಗಬೇಕು, ಡ್ರೈಯರ್ ಬದಲಾಗಬೇಕು, ಕಂಡೆನ್ಸರ್ ಕೂಡ ಹೋಗಬಹುದು. ಇಲ್ಲದಿದ್ದರೆ ಹೊಸದೂ ಅದೇ ಪುಡಿಗೆ ಬಲಿ.

ದಿನದ ಬಳಕೆ

ಬಿಸಿಲಲ್ಲಿ ನಿಂತ ಕಾರಿನೊಳಗೆ ಕೂತು ಗಾಜು ಮುಚ್ಚಿ ಎ.ಸಿ. ಹಾಕಿದರೆ, ಒಳಗಿನ ಕಾದ ಗಾಳಿಯನ್ನು ತಣಿಸಲು ಎ.ಸಿ. ಸುಮ್ನೆ ಒದ್ದಾಡುತ್ತದೆ. ಹೊರಗೆ ಅದಕ್ಕಿಂತ ತಂಪಿದೆ. ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ, ಬಿಸಿ ಹೊರಗೆ ಹೋಗಲಿ. ಆಮೇಲೆ ಗಾಜು ಏರಿಸಿ ಒಳಗಾಳಿ ಬಟನ್ ಒತ್ತಿ.

ಒಳಗಾಳಿಯಲ್ಲೇ ಗಂಟೆಗಟ್ಟಲೆ ಇರಬೇಡಿ. ನಾಲ್ಕೈದು ಜನ ಉಸಿರಾಡುವ ಮುಚ್ಚಿದ ಕಾರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಡ್ರೈವರ್‌ಗೆ ತೂಕಡಿಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಹೊರಗಿನ ಗಾಳಿ ಬಿಡಿ. ಇಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿಕೊಂಡು ನಿಂತ ಕಾರಿನಲ್ಲಿ ಮಲಗಬೇಡಿ. ಸೈಲೆನ್ಸರ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದರೆ ವಾಸನೆಯೂ ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಂತೂ ಬೇಡವೇ ಬೇಡ.

ಗುಂಡಿ ತಿರುಗಿಸುವ ಮ್ಯಾನ್ಯುಯಲ್ ಎ.ಸಿ.ಯಲ್ಲಿ ಚಳಿ ಆಯಿತೆಂದು ಗುಂಡಿಯನ್ನು ಕೆಂಪಿನ ಕಡೆ ತಿರುಗಿಸಿದರೆ ಪೆಟ್ರೋಲ್ ಉಳಿಯುವುದಿಲ್ಲ. ತಣ್ಣಗಾದ ಗಾಳಿಗೆ ಹೀಟರ್ ಗಾಳಿ ಬೆರೆಯುತ್ತದೆ ಅಷ್ಟೇ. ಅದರ ಬದಲು ಬ್ಲೋವರ್ ಕಮ್ಮಿ ಮಾಡಿ.

ಆಗುಂಬೆ, ಮಡಿಕೇರಿ ಕಡೆಯ ಮಳೆಯಲ್ಲಿ ಮಾತ್ರ ಈ ಬೆರಕೆ ಉಪಯೋಗಕ್ಕೆ ಬರುತ್ತದೆ. ಗಾಜಿನ ಒಳಗೆ ಮಂಜು ಕಟ್ಟಿದರೆ ಎ.ಸಿ. ಹಾಕಿ, ಹೊರಗಾಳಿ ಬಿಡಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಗುಂಡಿ ಸ್ವಲ್ಪ ಬೆಚ್ಚಗಿರಲಿ. ಎ.ಸಿ. ತೇವ ಹೀರುತ್ತದೆ, ಬಿಸಿಗಾಳಿ ಗಾಜನ್ನು ಒಣಗಿಸುತ್ತದೆ. ಮಂಜು ಗಾಜಿನ ಹೊರಗಡೆ ಕಟ್ಟಿದ್ದರೆ ಎ.ಸಿ. ಗಾಜನ್ನು ಜಾಸ್ತಿ ತಣ್ಣಗೆ ಮಾಡಿದೆ. ವೈಪರ್ ಹಾಕಿ, ತಂಪು ಇಳಿಸಿ.

ಇಲಿ

ವಾರಗಟ್ಟಲೆ ನಿಂತ ಕಾರಿನ ಬ್ಲೋವರ್ ಗೂಡಿನಲ್ಲಿ ಇಲಿ ಸಂಸಾರ ಹೂಡುವುದು ನಮ್ಮಲ್ಲಿ ಮಾಮೂಲು. ವೈಪರ್ ಕೆಳಗಿನ ಗಾಳಿಕಿಂಡಿಯಿಂದ ನುಗ್ಗುತ್ತವೆ, ಫಿಲ್ಟರ್ ಕೊರೆಯುತ್ತವೆ, ವೈರ್ ಕಡಿಯುತ್ತವೆ. ಕಾರು ನಿಲ್ಲಿಸುವಾಗ ಒಳಗಾಳಿ ಬಟನ್ ಒತ್ತಿಟ್ಟರೆ ಹೊರಗಿನ ಕಿಂಡಿ ಮುಚ್ಚುತ್ತದೆ. ಕಾಯಿಲ್ ಒಣಗಿಸಿದ ಮೇಲೆ ಇದನ್ನು ಮಾಡಿ. ಕಾರಿನೊಳಗೆ ತಿಂಡಿ ಚೂರು ಬಿಡಬೇಡಿ. ಕಿಂಡಿಗೆ ಸಣ್ಣ ಜಾಲರಿ ಹಾಕಿಸಬಹುದು.

ಎಲೆಕ್ಟ್ರಿಕ್ ಕಾರುಗಳಲ್ಲಿ

ಫಿಲ್ಟರ್, ಕಂಡೆನ್ಸರ್, ಡ್ರೈನ್ ಪೈಪ್ ಕೆಲಸ ಇಲ್ಲೂ ಅದೇ. ಕಂಪ್ರೆಸರ್ ಮಾತ್ರ ಬೇರೆ. ಅದು ಬೆಲ್ಟ್‌ನಿಂದಲ್ಲ, ನೂರಾರು ವೋಲ್ಟ್‌ನ ಬ್ಯಾಟರಿಯಿಂದ ಓಡುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈ ಹಾಕಬೇಡಿ, ನೀರೂ ಹೊಡೆಯಬೇಡಿ. ಹಲವು ಮಾಡೆಲ್‌ಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡುವುದೂ ಇದೇ ಗ್ಯಾಸ್, ಹಾಗಾಗಿ ಇಲ್ಲಿ ಎ.ಸಿ. ಕೆಟ್ಟರೆ ಸೆಕೆ ಆಗುವುದಷ್ಟೇ ಅಲ್ಲ, ಚಾರ್ಜಿಂಗ್ ಕೂಡ ನಿಧಾನವಾಗಬಹುದು. ಪೆಟ್ರೋಲ್ ಕಾರಿಗೆ ಹಾಕುವ ಪಿ.ಎ.ಜಿ. ಎಣ್ಣೆ ಈ ಕಂಪ್ರೆಸರ್‌ಗೆ ಆಗುವುದಿಲ್ಲ. ಆ ಎಣ್ಣೆಯಲ್ಲಿ ಕರೆಂಟ್ ಹರಿಯುತ್ತದೆ, ಕಂಪ್ರೆಸರ್‌ನ ಇನ್ಸುಲೇಷನ್ ಹಾಳಾಗುತ್ತದೆ. ಸಾಮಾನ್ಯವಾಗಿ ಬೇಕಾಗುವುದು ಪಿ.ಒ.ಇ. ಎಣ್ಣೆ. ಹಳೆ ಎಣ್ಣೆ ಉಳಿದಿರುವ ಮೆಷಿನ್‌ನ ಪೈಪ್ ಹಚ್ಚಿದರೂ ತೊಂದರೆ. ಎಲೆಕ್ಟ್ರಿಕ್ ಕಾರಿಗೆ ಬೇರೆ ಮೆಷಿನ್ ಇದೆಯಾ ಎಂದು ಮೊದಲೇ ಫೋನ್ ಮಾಡಿ ಕೇಳಿ. ಇಲ್ಲ ಅಂದರೆ ಕಂಪನಿ ಸರ್ವಿಸ್ ಸೆಂಟರ್‌ಗೇ ಕೊಡಿ.